ದಿಣ್ಣೆ ಬಂದರೆ ಇಳಿಸುವ ಜಟಕಾ

ನನ್ನ ನಾನಾ, ಅಂದರೆ ತಾಯಿಯ ತಂದೆ, ಖಾದರ್ ಬಾಷಾ ಯಶವಂತಪುರ ಸ್ಟೇಷನ್ನಿನ ಮುಂದೆ ಜಟಕಾ ನಿಲ್ಲಿಸುತ್ತಿದ್ದರು. ಕೊಡಿಗೇಹಳ್ಳಿಯ ಮನೆಯಲ್ಲಿ ನಸುಕಿನ ಫಜರ್ ನಮಾಜು ಮುಗಿಸಿ ಹೊರಟರೆ ಕತ್ತಲಾಗುವ ಹೊತ್ತಿಗೆ ವಾಪಸ್ಸು. ನಡುವೆ ಬಿಡುವು ಸಿಕ್ಕರೆ ಕೆರೆಯಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದರು. ಜ್ವರ ಬಂದ ದಿನವೂ ಮಲಗಿದವರಲ್ಲ. ಇಂಥವರ ಮೇಲೆ ಯಾರಿಗಾದರೂ ಯಾಕೆ ಸಿಟ್ಟು ಬರಬೇಕು ಎಂದು ಕೇಳುವವರು ಅವರ ಗಾಡಿ ಹತ್ತಿದವರಲ್ಲ.

ಮತ್ತಿಕೆರೆ ದಾಟಿದ ಮೇಲೆ ರಸ್ತೆ ಒಂದು ದಿಣ್ಣೆ ಏರುತ್ತಿತ್ತು. ಅಲ್ಲಿಗೆ ಬಂದ ಕೂಡಲೇ ನಾನಾ ಲಗಾಮು ಹಿಡಿದು ಕೆಳಗಿಳಿದು, ಕೂತಿದ್ದ ಗಂಡಸರನ್ನೂ ಇಳಿಯಲು ಹೇಳುತ್ತಿದ್ದರು. ದಿಣ್ಣೆ ಮುಗಿಯುವವರೆಗೆ ಎಲ್ಲರೂ ನಡೆಯಬೇಕು. ಲಾಯರಾದರೂ ಅಷ್ಟೆ, ಮೌಲ್ವಿಯಾದರೂ ಅಷ್ಟೆ. ಪಕ್ಕದ ಮನೆಯ ಮುನಿರಾಮಯ್ಯ ಒಂದು ಸಲ ಕೇಳಿದರಂತೆ, "ಕುದ್ರೆಗೆ ಕಾಲು ನೋವು ಬಂದ್ರೆ ನಾವೇ ನೊಗ ಹೊರ್ಬೇಕೇನ್ ಬಾಷಣ್ಣ?" ನಾನಾ ನಗಲಿಲ್ಲ. ಅದೂ ಒಂದು ದಾರಿ ಎಂಬಂತೆ ಯೋಚಿಸಿದರಂತೆ.

ಬಾಯಿಲ್ಲದ ಜೀವಕ್ಕೆ ಕಿಯಾಮತ್ತಿನ ದಿನ, ಕೊನೆಯ ತೀರ್ಪಿನ ದಿನ, ಬಾಯಿ ಬರುತ್ತದೆ, ಆಗ ಅಲ್ಲಾಹನ ಮುಂದೆ ಅದು ತಮ್ಮ ಬಗ್ಗೆ ಏನು ಹೇಳುತ್ತದೋ ಎಂಬುದು ಅವರ ಭಯ. ಆ ಭಯ ತಪ್ಪೆಂದು ನಾನು ಹೇಳಲಾರೆ. ಆದರೆ ಅದಕ್ಕೊಂದು ಸಮಯ ಸಂದರ್ಭ ಬೇಡವೆ?

ನನ್ನ ತಾಯಿ ತಾಹೆರಾಗೆ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಮೂರನೆಯದು ತುಮಕೂರಿನ ಹುಡುಗ, ಶಾಲೆಯಲ್ಲಿ ಮೇಷ್ಟ್ರು. ಈ ಮನೆಯಾದರೆ ತನಗೆ ಒಪ್ಪಿಗೆ ಎಂದು ತಾಯಿ ತಮ್ಮ ಅಮ್ಮನ, ಅಂದರೆ ನನ್ನ ನಾನಿಯ, ಕಿವಿಯಲ್ಲಿ ಹೇಳಿದ್ದರು. ಅವರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ಮಾತು ಮುಗಿಸಲು ಹುಡುಗನ ದೊಡ್ಡಪ್ಪ ಮೊಹಮ್ಮದ್ ಗೌಸ್ ಅವರು ಮನೆಯ ಇಬ್ಬರು ಹೆಂಗಸರೊಂದಿಗೆ ಒಂದು ಭಾನುವಾರ ರೈಲಿನಲ್ಲಿ ಬಂದರು. ಸ್ಟೇಷನ್ನಿಗೆ ಹೋಗಿ ಕರೆತರುವ ಕೆಲಸ ನಾನಾ ಅವರದು. ಬೇರೆ ಯಾರನ್ನಾದರೂ ಕಳಿಸಬೇಕಿತ್ತು ಎಂದು ನಾನಿ ಸಾಯುವವರೆಗೂ ಹೇಳುತ್ತಿದ್ದರು.

ಬಿರಿಯಾನಿ ದಮ್ಮಿಗೆ ಇಟ್ಟು ನಾನಿ ಕಾಯುತ್ತಿದ್ದಾಗ ಗಾಡಿ ಖಾಲಿ ಬಂತು.

"ಎಲ್ಲಿ ಅವರು?"

"ದಿಣ್ಣೆ ಹತ್ತಿದರು. ಆಮೇಲೆ ಆ ಕಡೆ ಇಳಿದುಬಿಟ್ಟರು."

ಮಳೆ ನಿಂತು ಕೆಸರಾಗಿದ್ದ ರಸ್ತೆಯಲ್ಲಿ, ಹೊಸ ಶೇರ್ವಾನಿ ತೊಟ್ಟ, ತುಂಬ ದಪ್ಪಗಿದ್ದ ಹಿರಿಯರನ್ನು ನಾನಾ ಇಳಿಸಿದ್ದರು. ಅವರು ದಿಣ್ಣೆಯ ತುದಿಯವರೆಗೆ ನಡೆದು, ಹೆಂಗಸರನ್ನೂ ಇಳಿಸಿಕೊಂಡು, ಬಂದ ದಾರಿಯಲ್ಲೇ ಸ್ಟೇಷನ್ನಿಗೆ ಮರಳಿದ್ದರು.

ತಾಯಿ ಒಳಗಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ನಾನಾ ಮತ್ತೆ ಬಾಯಿಲ್ಲದ ಕುದುರೆಯ, ಕಿಯಾಮತ್ತಿನ ಮಾತು ತೆಗೆದಾಗ ನಾನಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಹೇಳಿದರು: "ಆವತ್ತು ನನಗೂ ಬಾಯಿರುತ್ತೆ. ನೆನಪಿಟ್ಕೊಳ್ಳಿ."

ಇದು ನಾಟಿತು. ಮರುದಿನ ನಾನಾ ಆ ದಿನದ ಬಾಡಿಗೆ ಬಿಟ್ಟು ತುಮಕೂರಿಗೆ ಹೋಗಿ ಕ್ಷಮೆ ಕೇಳಿದರು. ದೊಡ್ಡಪ್ಪ ಒಂದೇ ಷರತ್ತು ಹಾಕಿದರು: ಬರುವ ಭಾನುವಾರ ಮತ್ತೆ ಬರುತ್ತೇನೆ, ಅದೇ ಜಟಕಾದಲ್ಲಿ, ಆದರೆ ನಿಮ್ಮ ಮನೆ ಬಾಗಿಲವರೆಗೆ ನನ್ನ ಕಾಲು ನೆಲಕ್ಕೆ ತಾಗಬಾರದು. ತಾಗಿದರೆ ಸಂಬಂಧ ಅಲ್ಲಿಗೇ ಮುಗಿಯಿತು. ನಾನಾ ಒಪ್ಪಿ ಬಂದರು. ಇಳಿಸುವುದಿಲ್ಲ ತಾನೆ ಎಂದು ನಾನಿ ವಾರವೆಲ್ಲ ಕೇಳಿದರು. ಇಳಿಸುವುದಿಲ್ಲ ಎಂದು ವಾರವೆಲ್ಲ ಉತ್ತರ ಬಂತು.

ಭಾನುವಾರ ಬೆಳಗಿನ ರೈಲಿಗೆ ಅವರು ಬರಬೇಕಿತ್ತು. ಹೊತ್ತು ನೆತ್ತಿಗೇರಿತು. ಮಧ್ಯಾಹ್ನದ ನಮಾಜಾಯಿತು. ಬಿರಿಯಾನಿ ಆರಿ, ಮತ್ತೆ ಬಿಸಿಯಾಗಿ, ತಳ ಹಿಡಿಯಿತು. ನಾನಿ ಕೇಳಿಕೊಂಡದ್ದಕ್ಕೆ ಮುನಿರಾಮಯ್ಯ ಸೈಕಲ್ಲಿನಲ್ಲಿ ದಿಣ್ಣೆಯವರೆಗೆ ಹೋಗಿ ನೋಡಿ ಬಂದರು.

"ಅಲ್ಲಿ ಯಾರೂ ಇಲ್ಲ ಕಣಮ್ಮ. ಗಾಡೀನೂ ಇಲ್ಲ."

ಈ ಸಲ ದಾರಿಯಿಂದಲ್ಲ, ಸ್ಟೇಷನ್ನಿನಿಂದಲೇ ಮರಳಿ ಹೋಗಿರಬೇಕು ಎಂದುಕೊಂಡು ನಾನಿ ಗೋಡೆಗೆ ಒರಗಿ ಕೂತುಬಿಟ್ಟರು. ಸಂಜೆಯ ನಮಾಜಿಗೆ ಸ್ವಲ್ಪ ಮುಂಚೆ ಗಾಡಿ ಬಂತು, ಅದೂ ಊರಿನ ಇನ್ನೊಂದು ದಿಕ್ಕಿನಿಂದ. ದಿಣ್ಣೆಯೇ ಬೇಡವೆಂದು ನಾನಾ ಜಾಲಹಳ್ಳಿ ಸುತ್ತಿ, ಹೊಲಗಳ ನಡುವಿನ ಗಾಡಿಜಾಡು ಹಿಡಿದು ಬಂದಿದ್ದರು. ಕಂಡ ಕೆರೆಯಲ್ಲೆಲ್ಲ ಕುದುರೆಗೆ ನೀರು ಕುಡಿಸಿದ್ದರು. ನೆರಳು ಕಂಡಲ್ಲೆಲ್ಲ ನಿಲ್ಲಿಸಿದ್ದರು. ಹಾಗೆ ನಿಂತಾಗ ದೊಡ್ಡಪ್ಪ ಕಾಲು ಚಾಚಲು ಇಳಿಯಹೋದರೆ ನಾನಾ ಬಹಳ ಮರ್ಯಾದೆಯಿಂದ ತಡೆದಿದ್ದರು. ನೆಲಕ್ಕೆ ಕಾಲು ತಾಗಬಾರದೆಂದು ತಾವೇ ಅಪ್ಪಣೆ ಕೊಡಿಸಿದ್ದೀರಿ, ಮಗಳ ವಿಷಯ, ದಯವಿಟ್ಟು ಕೂತಿರಿ ಎಂದರಂತೆ. ಹೆಂಗಸರು ಇಳಿದು ಹುಣಸೆ ನೆರಳಲ್ಲಿ ಓಡಾಡಿದರು. ಆ ಹಿರಿಯರು ಮಾತ್ರ ತಾವೇ ಹಾಕಿದ ಷರತ್ತಿನ ಮೇಲೆ ಸಂಜೆಯವರೆಗೆ ಕೂತಿದ್ದರು.

ಬಾಗಿಲಲ್ಲಿ ಅವರನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು. ಕಾಲು ಮರಗಟ್ಟಿದ್ದವು. ನಾನಿ ಸೆರಗು ಬಾಯಿಗೆ ಒತ್ತಿಕೊಂಡು ಬೈಗುಳಕ್ಕೆ ಕಾದು ನಿಂತರು.

"ಮೊದಲು ಊಟ," ಎಂದರು ದೊಡ್ಡಪ್ಪ.

ತಳ ಹಿಡಿದ ಬಿರಿಯಾನಿಯನ್ನು ಕೆರೆದು ಬಡಿಸಬೇಕಾಯಿತು. ಹಸಿವಿಗೆ ಅದೂ ಸಾಲಲಿಲ್ಲ. ಕೈ ತೊಳೆದ ಮೇಲೆ ಅವರು ಬಾಗಿಲ ಪರದೆಯ ಹಿಂದೆ ನಿಂತಿದ್ದ ನಾನಿಗೆ ಕೇಳುವಂತೆ ಹೇಳಿದರು: "ಅಕ್ಬರಿ ಬೇಗಂ, ನಾನು ಒಂದು ದಿನ ಇವರ ಜೊತೆ ಕಳೆದೆ. ನೀವು ಇಷ್ಟು ವರ್ಷ ಬಾಳಿದ್ದೀರಿ. ನಿಮ್ಮ ಕೈಯಲ್ಲಿ ಬೆಳೆದ ಹುಡುಗಿ ನಮ್ಮ ಮನೇಲಿ ಯಾವುದಕ್ಕೂ ಹೆದರಲ್ಲ. ತಾರೀಖು ಇಡೋಣ."

ಪರದೆಯ ಹಿಂದೆ ತಾಯಿ ನಾನಿಯ ತೋಳು ಹಿಡಿದುಕೊಂಡರು. ಸಕ್ಕರೆ ಹಂಚಿದ್ದಾಯಿತು. ನಾನಾ ಮಾತ್ರ ಒಳಗೆ ಬಂದಿರಲಿಲ್ಲ. ಗಾಡಿ ಬಿಚ್ಚಿ ಕುದುರೆಯ ಮೈಯುಜ್ಜುತ್ತಿದ್ದವರಿಗೆ ಮುನಿರಾಮಯ್ಯನೇ ಹೋಗಿ ಸುದ್ದಿ ಹೇಳಿದರು.

ಹೊರಡುವಾಗ ನೆಂಟರು ಬಳ್ಳಾರಿ ರಸ್ತೆಯವರೆಗೆ ನಡೆದು ಬಸ್ಸು ಹಿಡಿಯುತ್ತೇವೆ ಎಂದರು. ಎಷ್ಟು ಒತ್ತಾಯಿಸಿದರೂ ಬೇಡವೆಂದರು. ಅವರು ಮರೆಯಾದ ಮೇಲೂ ನಾನಾ ರಸ್ತೆ ನೋಡುತ್ತ ನಿಂತಿದ್ದರು. ಮುಖ ಸಣ್ಣದಾಗಿತ್ತು.

"ಯಾಕೆ ಹಾಗೆ ಹೋದ್ರು ಅಂತೀಯ? ವಾಪಸ್ ಹೋಗೋವಾಗ ಎಲ್ಲಾ ಇಳಿಜಾರೇ ಅಲ್ವಾ. ಆರಾಮಾಗಿ ಕೂತ್ಕೊಂಡು ಹೋಗ್ಬಹುದಿತ್ತು."

ನಾನಿಗೆ ಹೇಳಲು ಬೇಕಾದಷ್ಟಿತ್ತು. ಒಳಗೆ ಹೋಗಿ, ಬೆಳಗಿನಿಂದ ಏನೂ ತಿನ್ನದ ಆ ಮನುಷ್ಯನಿಗೆ ತಟ್ಟೆ ಹಾಕಿದರು.