ಟೈಲರಮ್ಮನಿಗಾಗಿ ಪ್ರಾರ್ಥಿಸಿರಿ

ಟೈಲರಮ್ಮನ ಕೈ ನಡುಗುವ ವಿಷಯ ಇಬ್ಬರಿಗೇ ಗೊತ್ತಿತ್ತು: ಅವಳಿಗೆ, ಮತ್ತು ಹದಿನೆಂಟು ವರ್ಷಗಳಿಂದ ಪ್ರತಿ ಬುಧವಾರ ಅವಳ ಜೊತೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಗೆಳತಿಗೆ. ಈ ಗೆಳತಿಗೆ ಚರ್ಚಿನ ಸಭೆಯ ಮಕ್ಕಳು ಇಟ್ಟ ಹೆಸರು ರೇಡಿಯೊ. ಊರವರ ಗುಟ್ಟನ್ನೆಲ್ಲ ಬಿತ್ತರಿಸುವವಳು ಗೆಳತಿಯದೊಂದನ್ನು ಮಾತ್ರ ಹೊಟ್ಟೆಯಲ್ಲಿಟ್ಟುಕೊಳ್ಳುತ್ತಾಳೆಂದು ಟೈಲರಮ್ಮ ನಂಬಿದಳಲ್ಲ, ಆ ಬುದ್ಧಿಗೆ ಏನು ಹೇಳೋಣ!

ಭಾನುವಾರ ಪಾಸ್ಟರ್ "ಯಾರಿಗಾದರೂ ಪ್ರಾರ್ಥನೆ ಬೇಕಾ?" ಎಂದು ಕೇಳಿದ್ದೇ ತಡ, ರೇಡಿಯೊ ಎದ್ದು ನಿಂತಳು. ಕಣ್ಣಲ್ಲಿ ನೀರು ಬೇರೆ.

"ನಮ್ಮ ಟೈಲರಮ್ಮನಿಗೋಸ್ಕರ ಬೇಡ್ಕೊಳ್ಳಿ. ಪಾಪ, ಕೈ ಗಡಗಡ ನಡುಗುತ್ತೆ. ಸೂಜಿಗೆ ದಾರ ಹಾಕೋಕೂ ಆಗ್ತಿಲ್ಲ."

ಇಡೀ ಸಭೆ ತಿರುಗಿ ನೋಡಿತು. ಟೈಲರಮ್ಮ ಕೈಗಳನ್ನು ಬೈಬಲ್ಲಿನ ಕೆಳಗೆ ಬಚ್ಚಿಟ್ಟಳು. ಎಲ್ಲರೂ ಕಣ್ಣು ಮುಚ್ಚಿ "ಆಮೆನ್" ಎಂದರು; ಅವಳೊಬ್ಬಳು ಹಲ್ಲು ಕಡಿದಳು.

ಪ್ರಾರ್ಥನೆ ಪರಲೋಕಕ್ಕೆ ಮುಟ್ಟಿತೋ ಇಲ್ಲವೋ, ಗಿರಾಕಿಗಳಿಗಂತೂ ಮುಟ್ಟಿತು. ಸೋಮವಾರ ಇಬ್ಬರು, ಮಂಗಳವಾರ ಮೂವರು ಬಟ್ಟೆ ವಾಪಸ್ ಒಯ್ದರು. ಗಂಡ ಸತ್ತ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದು ಇದೇ ಹೊಲಿಗೆ ಮಿಷನ್ನು. ಈಗ ಮೇಜಿನ ಮೇಲೆ ಉಳಿದದ್ದು ಒಂದೇ ಒಂದು ಬಿಳಿ ಮದುವೆ ಗೌನು. ಅಂಚು ಹೊಲಿಯುವುದಷ್ಟೇ ಬಾಕಿ. ಶನಿವಾರ ಮದುಮಗಳ ತಾಯಿಯೂ ಬಂದಳು.

"ಬೇಜಾರು ಮಾಡ್ಕೋಬೇಡಿ. ನಾಳೆ ಆರಾಧನೆ ಮುಗಿದ್ಮೇಲೆ ಗೌನು ತಗೊಂಡು ಹೋಗ್ತೀನಿ. ನಿಮಗೋಸ್ಕರ ಪ್ರಾರ್ಥನೆ ಮಾಡ್ತಾನೇ ಇದೀವಿ."

ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮಿಷನ್ನಿನ ಮೇಲೆ ಬಟ್ಟೆ ಒತ್ತಿ ಹಿಡಿದರೆ ಕೈ ತೆಪ್ಪಗಿರುತ್ತಿತ್ತು. ಕುಣಿಯುತ್ತಿದ್ದುದು ದಾರ ಪೋಣಿಸುವಾಗ ಮಾತ್ರ. ಅದನ್ನು ಒಬ್ಬರಾದರೂ ಕೇಳಿದರಾ? ಸಂಜೆ ಸಮಾಧಾನ ಹೇಳಲು ಬಂದ ಪಾಸ್ಟರ್ "ಇದರಲ್ಲೂ ದೇವರ ಉದ್ದೇಶ ಇರುತ್ತಮ್ಮ" ಎಂದಾಗ ಕತ್ತರಿಯನ್ನು ಮೇಜಿಗೆ ಕುಕ್ಕಿದಳು.

"ದೇವರದ್ದು ಇರಲಿ ಪಾಸ್ಟರ್, ಆತನ ಮೇಲೆ ನನಗೆ ನಂಬಿಕೆ ಇದೆ. ಆ ರೇಡಿಯೊ ಉದ್ದೇಶ ಏನಿತ್ತು, ಅದನ್ನ ಹೋಗಿ ಕೇಳಿ!"

ಪಾಸ್ಟರ್ ಹೋದ ಮೇಲೆ ದೇವರನ್ನೂ ಬಿಡಲಿಲ್ಲ. "ಗಂಡನ್ನ ನೀನು ಕರ್ಕೊಂಡೆ, ನಾನು ತಡ್ಕೊಂಡೆ. ಈಗ ಕೆಲಸನೂ ಬೇಕಾ ನಿನಗೆ? ನಿನ್ನ ಬಿಟ್ಟು ನಾನೆಲ್ಲೂ ಹೋಗಲ್ಲ. ಆದ್ರೆ ಸಿಟ್ಟು ಬಂದಿದೆ, ತಿಳ್ಕೋ!"

ಮರುದಿನ ಪಾಸ್ಟರ್ ಅದೇ ಪ್ರಶ್ನೆ ಕೇಳಿದಾಗ ಟೈಲರಮ್ಮನೇ ಎದ್ದಳು. ನಡುಗುವ ಕೈಯನ್ನು ಎಲ್ಲರಿಗೂ ಕಾಣುವಂತೆ ಚಾಚಿದಳು.

"ನೋಡ್ಕೊಳ್ಳಿ, ಕಣ್ತುಂಬ ನೋಡ್ಕೊಳ್ಳಿ. ನಡುಗುತ್ತೆ. ಆದ್ರೂ ಹೊಲಿಯುತ್ತೆ. ನಿಮ್ಮ ಪ್ರಾರ್ಥನೆ ಬೇಕಾದಷ್ಟಾಯ್ತು. ದಾರ ಪೋಣಿಸಿಕೊಡೋಕೆ ಒಬ್ಬರು ಬೇಕು. ಯಾರು ಬರ್ತೀರಿ?"

ಎಲ್ಲರಿಗೂ ಇದ್ದಕ್ಕಿದ್ದಂತೆ ಹಾಡಿನ ಪುಸ್ತಕದಲ್ಲಿ ತುರ್ತು ಕೆಲಸ ಹುಟ್ಟಿತು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. ರೇಡಿಯೊ! ಮುಖ ಇಷ್ಟೇ ಇಷ್ಟಾಗಿತ್ತು.

"ನಾನು ಬರ್ತೀನಿ ಕಣೇ. ನಿನ್ನ ಹೊಟ್ಟೆ ಮೇಲೆ ಹೊಡೆದವಳು ನಾನೇ ಅಲ್ವಾ."

ಟೈಲರಮ್ಮ ಛಾವಣಿಯತ್ತ ನೋಡಿದಳು. ಇಷ್ಟು ಜನ ತುಂಬಿದ ಸಭೆಯಲ್ಲಿ ನಿನಗೆ ಇವಳೇ ಸಿಕ್ಕಿದಳಾ, ತಂದೆ?

ಮದುಮಗಳ ತಾಯಿ, ಗೌನಿಗೆಂದು ತಂದಿದ್ದ ಖಾಲಿ ಚೀಲವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, "ಬುಧವಾರಕ್ಕೆ ಆಗುತ್ತಾ?" ಎಂದಷ್ಟೇ ಕೇಳಿದಳು.

ಸೋಮವಾರ ಬೆಳಿಗ್ಗೆ ರೇಡಿಯೊ ಮಿಷನ್ನಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಕ್ಷಮೆ ಕೇಳಲು ಬಾಯಿ ತೆರೆದಳೋ ಇಲ್ಲವೋ, ಟೈಲರಮ್ಮ ದಾರದ ಉಂಡೆಯನ್ನು ಅವಳ ಮಡಿಲಿಗೆ ಎಸೆದಳು.

"ಕ್ಷಮಿಸಿದೀನಿ ಅಂದ್ಕೋಬೇಡ, ಅದಕ್ಕಿನ್ನೂ ಟೈಮ್ ಬೇಕು. ಬಾಯಿ ಮುಚ್ಕೊಂಡು ದಾರ ಪೋಣಿಸು."