ಎರಡು ಕೈಗೆ ಒಂದೇ ಗಂಟು

ನಮ್ಮ ಮನೆಯಲ್ಲಿ ಪ್ರಯಾಣದ ಪೆಟ್ಟಿಗೆ ತುಂಬುವವಳು ನಾನು. ಇಪ್ಪತ್ತೆರಡು ವರ್ಷದಿಂದ ತುಂಬುತ್ತಿದ್ದೇನೆ. ಇವರಿಗೆ, ಅಂದರೆ ನನ್ನ ಗಂಡನಿಗೆ, ಮನುಷ್ಯರ ಚರ್ಮದ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯುವುದು ಗೊತ್ತು, ಒಂದು ಅಂಗಿ ಮಡಿಸಿಡುವುದು ಗೊತ್ತಿಲ್ಲ. ಬಿಟ್ಟರೆ ಬಣ್ಣದ ಬಾಟಲಿಯ ಮೇಲೆ ಬನಿಯನ್ನು, ಬನಿಯನ್ನಿನ ಮೇಲೆ ಚಪ್ಪಲಿ. ಮದುವೆಯಾದ ಹೊಸತರಲ್ಲಿ ಒಮ್ಮೆ ಕಪ್ಪು ಬಣ್ಣ ಸೋರಿ, ಊರೂರು ಸುತ್ತಿ ಮನೆಗೆ ಬರುವ ಹೊತ್ತಿಗೆ ಇವರು ಚಿರತೆಯ ಹಾಗೆ ಮೈತುಂಬ ಚುಕ್ಕೆ ಮಾಡಿಕೊಂಡಿದ್ದರು. ಅವತ್ತಿನಿಂದ ಪೆಟ್ಟಿಗೆ ನನ್ನ ಪಾಲಿಗೆ ಬಂತು.

ತಳದಲ್ಲಿ ಕರೆಂಟಿನ ಡಬ್ಬಿ ಮತ್ತು ಕಾಲಲ್ಲಿ ಒತ್ತುವ ಪೆಡಲು. ಅದರ ಮೇಲೆ ದಪ್ಪ ಟವೆಲಿನಲ್ಲಿ ಸುತ್ತಿದ ಎರಡು ಹಚ್ಚೆ ಮಷೀನು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಅಂತ. ಬಾಟಲಿಗಳ ಮುಚ್ಚಳಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರ್ ಬ್ಯಾಂಡು ಹಾಕುತ್ತೇನೆ. ಸೀಲು ಒಡೆಯದ ಸೂಜಿಗಳು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ನಿಂತುಕೊಂಡೇ ಪ್ರಯಾಣ ಮಾಡಬೇಕು. ಪ್ಯಾಕೆಟ್ಟಿನ ಒಂದು ಮೂಲೆ ಹರಿದರೂ ಆ ಸೂಜಿ ಕಸಕ್ಕೆ. ಬಳಸಿದ ಸೂಜಿ ಹಾಕುವ ಹಳದಿ ಡಬ್ಬಿಗೆ ಒಳಗೆ ಜಾಗವಿಲ್ಲ, ಅದು ಹೊರಗಿನ ಜೇಬಿನಲ್ಲಿ ಒಂಟಿಯಾಗಿ ಬರುತ್ತದೆ. ಆಮೇಲೆ ಕೈಗವಸು, ರೇಜರು, ಸೋಪಿನ ನೀರು, ಮುಲಾಮು, ನೇರಳೆ ಬಣ್ಣದ ಕಾರ್ಬನ್ ಕಾಗದ, ಕುತ್ತಿಗೆ ಬಗ್ಗುವ ದೀಪ, ಎಂಟು ಗಜದ ವಯರು. ಲಾಡ್ಜು ಕಟ್ಟುವವರಿಗೆ ಅದೇನು ಹಟವೋ, ಪ್ಲಗ್ಗನ್ನು ಯಾವಾಗಲೂ ಮಂಚದ ಹಿಂದೆಯೇ ಇಟ್ಟಿರುತ್ತಾರೆ. ಎಲ್ಲದರ ಮೇಲೆ, ಮೊದಲು ಕೈಗೆ ಸಿಗುವ ಹಾಗೆ, ಪುಸ್ತಕ.

ಆ ಪುಸ್ತಕದ ವಿಷಯ ಹೇಳಬೇಕು. ಇವರು ಚಂದಕ್ಕೆ ಹಚ್ಚೆ ಹಾಕುವವರಲ್ಲ. ಪ್ರತಿ ವರ್ಷ ಮೀನಿನ ಬೋಟುಗಳು ಕಡಲಿಗಿಳಿಯುವ ಮೊದಲು ಎರಡು ತಿಂಗಳು ಬಂದರಿನಿಂದ ಬಂದರಿಗೆ ಹೋಗುತ್ತಾರೆ. ನೀರಿಗೆ ಬಿದ್ದವನು ಹತ್ತು ದಿನ ಬಿಟ್ಟು ಸಿಕ್ಕರೆ ಹೆತ್ತವಳಿಗೂ ಗುರುತು ಸಿಗುವುದಿಲ್ಲ. ಬಟ್ಟೆ ಅಲೆಯ ಪಾಲು, ಮುಖ ಮೀನಿನ ಪಾಲು. ಹಚ್ಚೆ ಮಾತ್ರ ಉಳಿಯುತ್ತದೆ. ಮೇಲಿನ ಚರ್ಮ ಸುಲಿದು ಹೋದ ಮೇಲಂತೂ ಇನ್ನೂ ಢಾಳಾಗಿ ಕಾಣುತ್ತದೆ. ಅದಕ್ಕೇ ಬೋಟಿನವರು ಎಡಗೈಯ ಒಳಭಾಗದಲ್ಲಿ ಒಬ್ಬೊಬ್ಬರು ಒಂದೊಂದು ಗುರುತು ಹಾಕಿಸಿಕೊಳ್ಳುತ್ತಾರೆ. ಎಡಗೈಯೇ ಯಾಕೆಂದರೆ, ಬಲಗೈಯನ್ನು ಎಷ್ಟೋ ಸಲ ಬೋಟಿನ ಹಗ್ಗವೇ ತಿಂದಿರುತ್ತದೆ. ಕೈಮೇಲಿನ ಚಿತ್ರವೇ ಪುಸ್ತಕದಲ್ಲಿ ಒಂದು ಪುಟ, ಕೆಳಗೆ ಅವನ ಹೆಸರು, ಬೋಟು, ಮನೆ. ಒಬ್ಬನಿಗೆ ಹಾಕಿದ್ದು ಇನ್ನೊಬ್ಬನಿಗಿಲ್ಲ. ಹಚ್ಚೆ ಮುಗಿದ ಕೂಡಲೇ ಚರ್ಮಕ್ಕೆ ಅಚ್ಚೊತ್ತಿದ ಮೂಲ ಚಿತ್ರದ ಹಾಳೆಯನ್ನು ಹರಿದು ಹಾಕುವುದು ಇವರ ನೇಮ.

ಬಂದರಿನಲ್ಲಿ ಇವರನ್ನು ಗುರುತಿನವನು ಅನ್ನುತ್ತಿದ್ದರು. ತಮಾಷೆಯೂ ಮಾಡುತ್ತಿದ್ದರು: ಬೇರೆಯವರ ಕೆಲಸ ಬದುಕಿದ್ದಾಗ ನೋಡ್ತಾರೆ, ನಿನ್ನದು ಸತ್ತ ಮೇಲೆ, ಅದಕ್ಕೇ ಯಾರೂ ನಿನ್ನ ಹತ್ತಿರ ತಕರಾರು ತರಲ್ಲ ಅಂತ. ಇವರೂ ನಗುತ್ತಿದ್ದರು. ಪುಸ್ತಕ ಅಷ್ಟರಲ್ಲಿ ಹದಿನಾಲ್ಕು ಮನೆಗೆ ಉತ್ತರ ಕೊಟ್ಟಿತ್ತು.

ನಾಲ್ಕು ವರ್ಷದ ಹಿಂದೆ ಒಂದು ಬಂದರಿಗೆ ನಾನೂ ಜೊತೆಗೆ ಹೋಗಿದ್ದೆ. ಕೊನೆಯ ದಿನ ಬಲೆಯಮ್ಮ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದಳು. ಹರಿದ ಬಲೆ ಹೆಣೆದು ಕೊಡುವವಳಾದ್ದರಿಂದ ಅವಳಿಗೆ ಆ ಹೆಸರು. ಗಂಡ ಇಲ್ಲ. ಮಕ್ಕಳು ದೊಡ್ಡವನು, ಚಿಕ್ಕವನು. ಇಬ್ಬರದೂ ಒಂದೇ ಎತ್ತರ, ಒಂದೇ ಹೆಗಲು, ಬೆನ್ನು ಮಾಡಿ ನಿಂತರೆ ತಾನೇ ತಪ್ಪು ಹೆಸರು ಕೂಗುತ್ತೇನೆ ಅಂತ ಹೇಳಿ ನಕ್ಕಳು. ದೊಡ್ಡವನಿಗೆ ಮೂರು ಎಳೆಯ ಬಲೆಗಂಟಿನ ಗುರುತಾಯಿತು, ಅಮ್ಮನ ಕೆಲಸದ ನೆನಪಿಗೆ. ಇವರು ಚಿತ್ರ ಹರಿಯಲು ಕೈಗೆ ತೆಗೆದುಕೊಂಡಾಗ ಚಿಕ್ಕವನು ತನಗೂ ಅದೇ ಬೇಕು, ಬೇರೆ ಬೇಡವೇ ಬೇಡ ಅಂದ. ಇವರು ಆಗುವುದಿಲ್ಲ ಅಂದರು. ಅವನು ಬಿಡಲಿಲ್ಲ.

ನಾನು ಇವರ ಕೈ ಹಿಡಿದೆ. "ಬಿಡ್ರೀ, ಅಣ್ಣ ತಮ್ಮ, ಆಸೆಪಡ್ತಿದಾನೆ. ಇನ್ನೊಂದು ಬರೆಯೋಕೆ ಕೂತ್ರೆ ಬಸ್ಸು ಹೋಗುತ್ತೆ."

ನಿಜ ಹೇಳಬೇಕೆಂದರೆ ಅಣ್ಣತಮ್ಮಂದಿರ ಪ್ರೀತಿ ನಾಲ್ಕಾಣೆ, ಬಸ್ಸು ಹನ್ನೆರಡಾಣೆ. ಮೀನಿನ ವಾಸನೆಗೆ ಎರಡು ದಿನದಿಂದ ತಲೆ ಸಿಡಿಯುತ್ತಿತ್ತು, ನನಗೆ ನನ್ನ ಮನೆ ಬೇಕಾಗಿತ್ತು. ಬಲೆಯಮ್ಮನೂ ಒಂದು ಮಾತು ಸೇರಿಸಿದಳು: ಇಬ್ಬರನ್ನೂ ಒಂದೇ ಬೋಟಿಗೆ ಯಾವತ್ತೂ ಕಳಿಸುವುದಿಲ್ಲ, ಹಾಗಾಗಿ ಬೋಟಿನ ಹೆಸರೇ ಸಾಕಲ್ಲ ಅಂತ. ಇವರು ನನ್ನ ಮುಖ ನೋಡಿದರು, ಗಡಿಯಾರ ನೋಡಿದರು, ಚಿತ್ರವನ್ನು ಮತ್ತೆ ಮೇಜಿನ ಮೇಲಿಟ್ಟರು. ಪುಸ್ತಕದ ಒಂದೇ ಪುಟದಲ್ಲಿ ಎರಡು ಹೆಸರು ಬಂದದ್ದು ಅದೊಂದೇ ಸಲ. ಬಸ್ಸು ನಮಗೆ ಸಿಕ್ಕಿತು.

ಈ ವರ್ಷ ಚಿಕ್ಕವನ ಬೋಟಿನ ಎಂಜಿನ್ ಕೆಟ್ಟು ದಡದಲ್ಲಿ ಕೂತಿತು. ದೊಡ್ಡವನ ಬೋಟಿನಲ್ಲಿ ಒಬ್ಬನಿಗೆ ಜ್ವರ ಬಂದು ಆಳು ಕಡಿಮೆಯಾಯಿತು. ಒಂದೇ ಒಂದು ಸಲ ತಾನೇ ಅಂತ ಚಿಕ್ಕವನು ಹತ್ತಿದ. ಆರು ಜನರ ಜೊತೆ ಆ ಬೋಟು ಕಾಣೆಯಾಯಿತು. ಹತ್ತನೆಯ ದಿನ ಬೇರೊಂದು ಬೋಟಿನ ಬಲೆಗೆ ಒಂದು ದೇಹ ಸಿಕ್ಕಿತು. ಬಂದರಿನ ಗುಮಾಸ್ತ ಫೋನು ಮಾಡಿ, ಎಡಗೈಯಲ್ಲಿ ಗಂಟಿನ ಚಿತ್ರವಿದೆ, ಮೂರು ಎಳೆ, ಯಾರು ನೋಡಿ ಹೇಳಿ ಅಂದ. ಇವರು ಫೋನು ಕಿವಿಗಿಟ್ಟುಕೊಂಡೇ ಪುಟ ತಿರುವಿದರು. ಆ ಪುಟ ಬಂದಾಗ ಹಾಗೇ ನೆಲದ ಮೇಲೆ ಕೂತುಬಿಟ್ಟರು. ಪಕ್ಕದಲ್ಲಿ ನಿಂತಿದ್ದ ನಾನು ಎರಡೂ ಹೆಸರು ಓದಿದೆ. 

ಅವತ್ತು ಪೆಟ್ಟಿಗೆಯನ್ನು ಇವರೇ ತುಂಬಿಕೊಂಡರು. ಪುಸ್ತಕ, ದೀಪ, ಭೂತಗನ್ನಡಿ, ಕೈಗವಸು. ಅಷ್ಟಾದ ಮೇಲೆ ಮಷೀನನ್ನೂ ಟವೆಲಿನಲ್ಲಿ ಸುತ್ತಲು ಶುರು ಮಾಡಿದರು, ಬಣ್ಣ, ಸೂಜಿ, ಪೆಡಲು, ಎಲ್ಲ. ಅದೆಲ್ಲ ಯಾತಕ್ಕೆ ಅಂದೆ.

"ಅದಿಲ್ಲದೆ ಹೋದ್ರೆ ಹೆಣ ನೋಡೋಕೆ ಹೋದ ಹಾಗಾಗುತ್ತೆ ಕಣೇ."

ನಾನು ಬಾಟಲಿಗಳಿಗೆ ರಬ್ಬರ್ ಬ್ಯಾಂಡು ಹಾಕಿದೆ. ನೀನು ಹೇಳಿದ್ದಕ್ಕೇ ಹೀಗಾಯಿತು ಅಂತ ಇವರು ಒಂದು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ನಾನೂ ಜೊತೆಗೆ ಹೊರಟೆ. ಬಸ್ಸಿನಲ್ಲಿ ಐದು ಗಂಟೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತ ಕೂತಿದ್ದರು.

ಆಸ್ಪತ್ರೆಯ ಹಿಂಭಾಗದ ಉದ್ದನೆಯ ಕಾರಿಡಾರಿನಲ್ಲಿ ಒಂದು ಬೆಂಚು. ಅದರ ಮೇಲೆ ಬಲೆಯಮ್ಮ, ಪಕ್ಕದಲ್ಲಿ ದೊಡ್ಡವನ ಹೆಂಡತಿ. ಮದುವೆಯಾಗಿ ವರ್ಷವಾಗಿತ್ತು, ಆರು ತಿಂಗಳ ಬಸುರಿ. ಎದುರಿನ ಬಾಗಿಲನ್ನೇ ಇಬ್ಬರೂ ನೋಡುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಗುಮಾಸ್ತ ಇವರನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದ. ತಾಯಿಯ ರಕ್ತದ ಜೊತೆ ಹೋಲಿಸಿ ನೋಡುವ ಪರೀಕ್ಷೆಗೆ ಎರಡು ತಿಂಗಳು ಬೇಕು. ಬಂದರೂ ಇದು ಈ ತಾಯಿಯ ಮಗ ಅಂತ ಹೇಳುತ್ತದೆಯೇ ಹೊರತು ಯಾವ ಮಗ ಅಂತ ಹೇಳುವುದಿಲ್ಲ. ಕಾಗದದಲ್ಲಿ ಒಂದು ಹೆಸರು ಬೀಳದೆ ದೇಹ ಕೊಡುವಂತಿಲ್ಲ. ಉಳಿದ ಐವರಿಗೆ ಹುಡುಕಾಟ ನಡೆದಿದೆ, ಬೋಟಿನ ರಬ್ಬರ್ ತೆಪ್ಪವೂ ಸಿಕ್ಕಿಲ್ಲ, ಯಾರಾದರೂ ಅದರಲ್ಲಿರಬಹುದು. ಅಂದರೆ ಒಳಗೆ ಮಲಗಿದ್ದವನು ಸತ್ತವನು, ಇನ್ನೊಬ್ಬ ಇನ್ನೂ ಬದುಕಿರಬಹುದಾದವನು. ಯಾರು ಯಾವುದು ಅಂತ ಇವರು ಹೇಳಬೇಕಾಗಿತ್ತು.

ತಣ್ಣನೆಯ ಕೋಣೆಯಲ್ಲಿ ದೀಪ ಹಿಡಿದವಳು ನಾನು. ಎಡಗೈ ಮಾತ್ರ ಬಟ್ಟೆಯಿಂದ ಹೊರಗಿತ್ತು. ಕಪ್ಪು ಗಂಟು ಹೊಸದಾಗಿ ಹಾಕಿದಷ್ಟು ಸ್ವಚ್ಛವಾಗಿ ಕಾಣುತ್ತಿತ್ತು. ಇವರು ಭೂತಗನ್ನಡಿ ಹಿಡಿದು ಬಗ್ಗಿದರು. ಹುಡುಕುತ್ತಿದ್ದದ್ದು ಏನು ಅಂತ ನನಗೆ ಗೊತ್ತಿತ್ತು. ಚಿಕ್ಕವನು ಅವತ್ತು ಹಚ್ಚೆ ಹಾಕಿಸಿಕೊಳ್ಳುವಾಗ ಕೊನೆಯ ಎಳೆಯ ಹತ್ತಿರ ಕೈ ಕೊಡವಿದ್ದ, ಅಲ್ಲಿ ಗೆರೆ ಒಂದಿಷ್ಟು ಸೀಳಿತ್ತು. ಆದರೆ ಸೀಳಿದ ಗೆರೆ ಇವರಿಗೆ ಅವಮಾನ. ಅದರ ಮೇಲೆ ದಪ್ಪ ಗೆರೆ ಎಳೆದು ಮುಚ್ಚಿದ್ದರು. ಇಬ್ಬರದೂ ಒಂದೇ ಸಮ ಇರಲಿ ಅಂತ ದೊಡ್ಡವನನ್ನು ವಾಪಸ್ ಕೂರಿಸಿ ಅವನ ಎಳೆಯನ್ನೂ ಅಷ್ಟೇ ದಪ್ಪ ಮಾಡಿದ್ದರು. ಆಮೇಲೆ ಎರಡು ಕೈ ಪಕ್ಕಪಕ್ಕ ಹಿಡಿಸಿ, ಇನ್ನು ಬ್ರಹ್ಮ ಬಂದರೂ ವ್ಯತ್ಯಾಸ ಹೇಳಲಾರ ಅಂತ ಹೊಗಳಿದವಳೂ ನಾನೇ. ಇವರು ಹತ್ತು ನಿಮಿಷ ನೋಡಿದರು, ಕಾಲು ಗಂಟೆ ನೋಡಿದರು.  ಕೊನೆಗೆ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡರು.

ಹೊರಗೆ ಬಂದು ಬೆಂಚಿನ ಮುಂದೆ ನಿಂತರು. "ಗೊತ್ತಾಗ್ತಿಲ್ಲ ಅಕ್ಕಾ. ನನ್ನ ಕೈ ಕೆಲಸ ನನಗೇ ಗೊತ್ತಾಗ್ತಿಲ್ಲ," ಅಂದರು. ಅಷ್ಟು ವರ್ಷದ ಸಂಸಾರದಲ್ಲಿ ಇವರು ಅಳುವುದನ್ನು ನಾನು ಕಂಡದ್ದು ಅವತ್ತೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಷ್ಟು ಸಲ ಬೇರೆಯವರಿಗೆ ಹೇಳಿದ್ದೇನೆ. ಆಡಿಬಿಟ್ಟ ಮಾತಿನ ಭಾರ ಎಷ್ಟು ಅಂತ ಆ ಕಾರಿಡಾರಿನಲ್ಲಿ ತಿಳಿಯಿತು. ನಾನು ಹೇಳಿದ್ದಕ್ಕೇ ಇವರು ಒಪ್ಪಿದ್ದು, ತಪ್ಪು ನನ್ನದು ಅಂತ ಬಲೆಯಮ್ಮನ ಕಾಲ ಹತ್ತಿರ ಕೂತು ಹೇಳಿದೆ. ಅವಳು ನನ್ನ ಮಾತು ಕೇಳಿಸಿಕೊಂಡಳೋ ಇಲ್ಲವೋ, ನನ್ನ ಹೆಗಲ ಮೇಲೆ ಕೈಯೂರಿ ಎದ್ದಳು.

ತಾನು ನೋಡುತ್ತೇನೆ ಅಂದಳು. ಗುಮಾಸ್ತ ಬೇಡ ಅಂದರೂ ಕೇಳಲಿಲ್ಲ. ಒಬ್ಬಳೇ ಒಳಗೆ ಹೋದಳು. ಸೊಸೆ ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದಳು. ಬಲೆಯಮ್ಮ ಬೇಗ ಹೊರಗೆ ಬಂದಳು, ಬಂದವಳು ನೇರವಾಗಿ ಗುಮಾಸ್ತನ ಮೇಜಿನ ಹತ್ತಿರ ಹೋದಳು.

"ಚಿಕ್ಕವನು. ಚಿಕ್ಕವನ ಹೆಸರು ಬರ್ಕೊಳ್ಳಿ."

ಗುಮಾಸ್ತ ಪೆನ್ನು ಹಿಡಿದವನು ತಡೆದ. ಹಚ್ಚೆ ಹಾಕಿದವರಿಗೇ ತಿಳಿಯದ್ದು ನಿಮಗೆ ಹೇಗೆ ತಿಳಿಯಿತು ಅಂತ ಮೆತ್ತಗೆ ಕೇಳಿದ. ಹೆತ್ತವಳಿಗೆ ಗೊತ್ತಾಗುವುದಿಲ್ಲವೇ ಅಂದಳು. ಅವನು ಹೆಸರು ಬರೆದುಕೊಂಡ. ಬೆಂಚಿನ ಮೇಲೆ ಸೊಸೆ ಇಷ್ಟು ಹೊತ್ತು ಹಿಡಿದಿಟ್ಟಿದ್ದ ಉಸಿರು ಬಿಟ್ಟಳು, ಬಿಟ್ಟದ್ದಕ್ಕೆ ನಾಚಿ ಮುಖ ಮುಚ್ಚಿಕೊಂಡು ಅತ್ತಳು. ಮೈದುನನಿಗಾಗಿ ಅತ್ತಳೋ, ಗಂಡ ಉಳಿದನೆಂದು ಅತ್ತಳೋ, ಯಾರು ಕೇಳುತ್ತಾರೆ. ಗುರುತು ಹಿಡಿದವರ ಸಾಲಿನಲ್ಲಿ ಬಲೆಯಮ್ಮ ಹೆಬ್ಬೆಟ್ಟು ಒತ್ತಿದಳು. ಸಾಕ್ಷಿಯ ಸಾಲಿನಲ್ಲಿ ಇವರು ಸಹಿ ಹಾಕಿದರು. ಕೂದಲೆಳೆಯ ಗೆರೆ ಎಳೆಯುವ ಕೈ ತನ್ನ ಹೆಸರು ಬರೆಯಲು ಎರಡು ಸಲ ತಪ್ಪಿತು.

ಹೆಬ್ಬೆಟ್ಟಿನ ಮಸಿ ತೊಳೆಯಲು ಬಲೆಯಮ್ಮ ಕಾರಿಡಾರಿನ ಕೊನೆಯ ನಲ್ಲಿಗೆ ಹೋದಳು. ಪೆಟ್ಟಿಗೆಯಿಂದ ಸೋಪಿನ ನೀರಿನ ಬಾಟಲಿ ತೆಗೆದುಕೊಂಡು ನಾನೂ ಹಿಂದೆ ಹೋದೆ. ಅವಳ ಬೆರಳಿಗೆ ಸೋಪು ಹಾಕುವಾಗ, ಅದು ನಿಜವಾಗಲೂ ಚಿಕ್ಕವನೇನಕ್ಕಾ ಅಂತ ಕೇಳಿಬಿಟ್ಟೆ. ಕೇಳಬಾರದಿತ್ತು, ಬಾಯಿ ಕೇಳಲಿಲ್ಲ.

ಅವಳು ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟಳು.

"ನಂಗೂ ಗೊತ್ತಾಗ್ಲಿಲ್ಲ ಕಣಮ್ಮಾ. ದೊಡ್ಡವನಿಗೆ ಅವಳು ಕಾಯ್ತಿದಾಳೆ, ಹೊಟ್ಟೇಲಿರೋದು ಕಾಯ್ತಿದೆ. ಚಿಕ್ಕವನಿಗೆ ಕಾಯೋಳು ನಾನೊಬ್ಬಳೇ. ನಾನೊಬ್ಬಳು ಆಸೆ ಬಿಟ್ರೆ ಆಯ್ತು."

ಕೈ ಒರೆಸಿಕೊಂಡು ಸೊಸೆಯ ಪಕ್ಕ ಹೋಗಿ ಕೂತಳು.