ಚಿಗವ್ವನ ರುಮಾಲು

ಆ ರುಮಾಲು ಕೇಸರಿ ಬಣ್ಣದ್ದೆಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಇವತ್ತು ಬೆಳಿಗ್ಗೆ ಹೂಡಿಯ ನಮ್ಮ ಫ್ಲ್ಯಾಟಿನಲ್ಲಿ ಟ್ರಂಕು ತೆರೆದರೆ, ನುಸಿಗುಳಿಗೆಯ ವಾಸನೆಯೊಡನೆ ಹೊರಬಂದದ್ದು ಗುಲಾಬಿ. ಹಾಗಾಗಿ ಮುಂದೆ ಹೇಳುವುದನ್ನೂ ನೀವು ಸ್ವಲ್ಪ ಅನುಮಾನದಿಂದಲೇ ಓದಬೇಕು.

ಟ್ರಂಕು ತೆರೆದದ್ದಕ್ಕೆ ಕಾರಣ, ಬಳಗದ ಹುಡುಗಿಯೊಬ್ಬಳ ಲಗ್ನಪತ್ರಿಕೆ. ವಾಟ್ಸಾಪಿನಲ್ಲಿ ಬಂದ ಅದರ ಕೆಳಗೆ ಡ್ರೆಸ್ ಕೋಡ್ ಇತ್ತು: ಗಂಡಸರಿಗೆ ರುಮಾಲು, ಹೆಂಗಸರಿಗೆ ಇಳಕಲ್ ಸೀರೆ.

ನನ್ನ ಚಿಗವ್ವ, ಎಂದರೆ ಅವ್ವನ ತಂಗಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುತ್ತಿದ್ದವಳು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ನನ್ನನ್ನು ಸಾಕಿ, ಎಂ.ಎ. ಓದಿಸಿದವಳು, ತಾನು ಮದುವೆಯಾಗಲಿಲ್ಲ. ಬಳಗದಲ್ಲಿ ಯಾರದೇ ಮದುವೆಯಿರಲಿ, ಗಂಡಸರು ಒಬ್ಬೊಬ್ಬರಾಗಿ ಬಂದು ಅವಳ ಮುಂದೆ ತಲೆ ಬಗ್ಗಿಸಿ ಕೂರುತ್ತಿದ್ದರು. ಅವಳು ಕಟ್ಟಿದ ರುಮಾಲು ಊಟ ಮುಗಿದರೂ ಸಡಿಲವಾಗುತ್ತಿರಲಿಲ್ಲ.

ನನ್ನ ಮದುವೆ ಆನೇಕಲ್ ರಸ್ತೆಯ ಛತ್ರದಲ್ಲಿ. ಬೀಗರನ್ನು ಬಾಗಿಲಲ್ಲಿ ಎದುರುಗೊಳ್ಳಬೇಕಾದವರು ಹೆಣ್ಣಿನ ಕಡೆಯ ಹಿರಿಯರು, ರುಮಾಲು ಸುತ್ತಿದವರು. ಹಾವೇರಿಯಿಂದ ಬಂದ ದೊಡ್ಡಪ್ಪ ಆಗಲೇ ಚಿಗವ್ವನ ಮುಂದೆ ಕೂತಿದ್ದರು. ಅದಕ್ಕೆ ಮೊದಲು ಅವರು ನನ್ನನ್ನು ನೋಡಿದ್ದು ಎರಡೋ ಮೂರೋ ಸಲ. ಬಾಗಿಲಲ್ಲಿ ಚಿಗವ್ವನೇ ನಿಲ್ಲಬೇಕು, ಇಲ್ಲದಿದ್ದರೆ ನಾನು ಮಂಟಪಕ್ಕೆ ಬರುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದೆನೆಂಬುದು ನನ್ನ ನೆನಪು. ನೀನು ಬರೀ ಅಳುತ್ತಿದ್ದೆ ಎನ್ನುತ್ತಾಳೆ ಚಿಗವ್ವ.

“ಹೆಣ್ಮಕ್ಕಳು ರುಮಾಲು ಸುತ್ತಿಕೊಂಡ್ರ ಬೀಗರು ನಗ್ತಾರವ್ವಾ” ಎಂದರು ದೊಡ್ಡಪ್ಪ.

“ನಗಲಿ ಬಿಡ್ರಿ. ಮದುವಿ ಮನ್ಯಾಗ ನಗಬಾರದೇನು?”

ಅಷ್ಟು ಹೇಳಿ ಚಿಗವ್ವ, ಅವರಿಗೆಂದು ಹಿಡಿದಿದ್ದ ಬಟ್ಟೆಯನ್ನು ತನ್ನ ತಲೆಗೇ ಸುತ್ತಿಕೊಂಡಳು. ಕನ್ನಡಿ ಕೇಳಲಿಲ್ಲ. ಐದಾರು ಸುತ್ತು ಸುತ್ತಿ, ತುದಿ ಸಿಕ್ಕಿಸಿದಳು, ಮುಗಿಯಿತು. ಅವಳ ಬೆನ್ನು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಬೀಗರು ಬಾಗಿಲಲ್ಲಿ ಒಂದು ಕ್ಷಣ ತಡೆದು ನಿಂತರು. ಹಿಂದಿನಿಂದ ಯಾರೋ ನಕ್ಕದ್ದೂ ನಿಜ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಆಮೇಲೆ ಗಂಡಿನ ಅಪ್ಪ, ಎಂದರೆ ನನ್ನ ಮಾವ, ವ್ಯಾನಿನ ಗಾಳಿಗೆ ಕಿವಿಯ ಮೇಲೆ ಜಾರಿದ್ದ ತಮ್ಮ ರುಮಾಲನ್ನು ಮುಟ್ಟಿಕೊಂಡು, “ಇದನ್ನ ನೀವ ಕಟ್ಟಿಕೊಂಡಿರೇನ್ರಿ? ಹಂಗಾರ ನಂದೂ ಒಂದೀಟು ಬಿಗಿ ಮಾಡ್ರಿ” ಎಂದು ತಲೆ ಬಗ್ಗಿಸಿದರು.

ಈಗ ಚಿಗವ್ವ ನಮ್ಮ ನಡುಮನೆಯಲ್ಲಿ ಕೂತು ಆ ಗುಲಾಬಿ ಬಟ್ಟೆಯ ಮಡಿಕೆ ಬಿಡಿಸುತ್ತಿದ್ದಾಳೆ. ಲಗ್ನಪತ್ರಿಕೆಯ ಎರಡು ಸಾಲೂ ತನಗೇ ಬರೆದದ್ದೆಂಬಂತೆ ಇಳಕಲ್ ಸೀರೆಯನ್ನೂ ಪಕ್ಕದಲ್ಲಿ ತೆಗೆದಿಟ್ಟುಕೊಂಡಿದ್ದಾಳೆ. ಎದುರು ಕೂತವರ ತಲೆಗೆ ಕಟ್ಟುವುದು ಬೇರೆ, ತನ್ನ ತಲೆಗೆ ಸುತ್ತಿಕೊಳ್ಳುವುದು ಬೇರೆ. ಬೆಳಿಗ್ಗೆ ನಾನೇ ಸುತ್ತಿಕೊಳ್ಳಲು ಹೋಗಿ, ಸುತ್ತೆಲ್ಲ ಕಣ್ಣಿನ ಮೇಲೆ ಜಾರಿದಾಗ ಅದು ಗೊತ್ತಾಯಿತು. ಹಾಗಾಗಿ ಕೇಳಿದೆ.

“ಚಿಗವ್ವಾ, ಆವತ್ತಿಗಿಂತ ಮೊದ್ಲು ಎಷ್ಟು ಸಲ ಸುತ್ತಿಕೊಂಡು ನೋಡಿದ್ದಿ?”

ಅವಳು ಬಟ್ಟೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಬಿಗಿಯಾಗಿ ಹಿಡಿದುಕೋ ಎಂದಳಷ್ಟೆ.